ಆಂಡ್ರಾಯ್ಡ್ ಬಳಕೆದಾರ ಇಂಟರ್‌ಫೇಸ್ ಪ್ರೋಗ್ರಾಮಿಂಗ್‌ನ ಸಾಮಾನ್ಯ ಸಮಸ್ಯೆಗಳು

ಆಂಡ್ರಾಯ್ಡ್ ಬಳಕೆದಾರ ಇಂಟರ್‌ಫೇಸ್ ಪ್ರೋಗ್ರಾಮಿಂಗ್‌ನ ಸಾಮಾನ್ಯ ಸಮಸ್ಯೆಗಳು ಎಂದರೆ ಆಂಡ್ರಾಯ್ಡ್ ಕಾರ್ಯಾಚರಣ ವ್ಯವಸ್ಥೆಗಾಗಿ ಅಪ್ಲಿಕೇಶನ್ ರಚಿಸುವಾಗ ಬಳಕೆದಾರನ ಕಣ್ಣಿಗೆ ಕಾಣುವ ಭಾಗದಲ್ಲಿ ಪದೇ ಪದೇ ಎದುರಾಗುವ ದೋಷಗಳು. ಪರದೆ ಸ್ತಬ್ಧವಾಗುವುದು, ಫೋನನ್ನು ಅಡ್ಡ ತಿರುಗಿಸಿದಾಗ ತುಂಬಿದ ಮಾಹಿತಿ ಅಳಿಸಿಹೋಗುವುದು, ಪಟ್ಟಿಯಲ್ಲಿ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಚಿತ್ರ ಕಾಣಿಸುವುದು, ಕನ್ನಡದಂತಹ ಲಿಪಿಗಳಲ್ಲಿ ಅಕ್ಷರಗಳು ತುಂಡಾಗುವುದು ಇವುಗಳಲ್ಲಿ ಮುಖ್ಯವಾದವು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರಿದರೂ ಹೆಚ್ಚಿನವುಗಳ ಮೂಲ ಎರಡು ಸಂಗತಿಗಳಲ್ಲಿದೆ. ಮೊದಲನೆಯದು, ಪರದೆಯ ಎಲ್ಲ ಕೆಲಸವನ್ನೂ ಒಂದೇ ಥ್ರೆಡ್ ನಿರ್ವಹಿಸುತ್ತದೆ. ಎರಡನೆಯದು, ಪರದೆಯ ಆಯುಷ್ಯವನ್ನು ನಿರ್ಧರಿಸುವುದು ಅಪ್ಲಿಕೇಶನ್ ಅಲ್ಲ, ಕಾರ್ಯಾಚರಣ ವ್ಯವಸ್ಥೆ. ಈ ಎರಡನ್ನು ಮರೆತು ಬರೆದ ಪ್ರೋಗ್ರಾಂ ಅಭಿವೃದ್ಧಿಕಾರನ ಮೇಜಿನ ಮೇಲೆ ಸರಿಯಾಗಿಯೇ ನಡೆಯುತ್ತದೆ. ಬಳಕೆದಾರನ ಕೈಯಲ್ಲಿ ಕೆಡುತ್ತದೆ.

ಹಿನ್ನೆಲೆ

ಬಳಕೆದಾರ ಇಂಟರ್‌ಫೇಸನ್ನು ಒಂದೇ ಥ್ರೆಡ್‌ಗೆ ವಹಿಸುವ ಪದ್ಧತಿ ಆಂಡ್ರಾಯ್ಡ್‌ನಿಂದ ಆರಂಭವಾದದ್ದಲ್ಲ. ಜಾವಾ ಭಾಷೆಯ ಮೊದಲ ಇಂಟರ್‌ಫೇಸ್ ಸಾಧನವಾದ ಎಡಬ್ಲ್ಯೂಟಿಯನ್ನು ಹಲವು ಥ್ರೆಡ್‌ಗಳು ಏಕಕಾಲಕ್ಕೆ ಬಳಸಬಹುದೆಂಬ ಉದ್ದೇಶದಿಂದ ರೂಪಿಸಲಾಗಿತ್ತು. ನಂತರ ಬಂದ ಸ್ವಿಂಗ್ ಆ ಆಸೆಯನ್ನು ಕೈಬಿಟ್ಟು ಏಕಥ್ರೆಡ್ ನಿಯಮವನ್ನು ಒಪ್ಪಿಕೊಂಡಿತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ಇದರ ಕಾರಣವನ್ನು ವಿವರಿಸಿದ್ದಾರೆ. ಬಳಕೆದಾರನ ಸ್ಪರ್ಶ ಅಥವಾ ಕೀಲಿ ಒತ್ತುವಿಕೆ ಕಾರ್ಯಾಚರಣ ವ್ಯವಸ್ಥೆಯಿಂದ ಮೇಲಕ್ಕೆ, ಅಂದರೆ ಅಪ್ಲಿಕೇಶನ್‌ನ ಕಡೆಗೆ ಹರಿಯುತ್ತದೆ. ಪರದೆಯನ್ನು ಬದಲಿಸುವ ಅಪ್ಲಿಕೇಶನ್‌ನ ಆದೇಶಗಳು ಕೆಳಕ್ಕೆ ಹರಿಯುತ್ತವೆ. ಎರಡೂ ದಿಕ್ಕಿನ ಹರಿವುಗಳು ತಮ್ಮ ತಮ್ಮ ಕ್ರಮದಲ್ಲಿ ಬೀಗಗಳನ್ನು ಹಿಡಿಯತೊಡಗಿದರೆ, ಒಂದು ಇನ್ನೊಂದರ ಬೀಗಕ್ಕಾಗಿ ಕಾಯುತ್ತಾ ಎರಡೂ ಶಾಶ್ವತವಾಗಿ ನಿಂತುಬಿಡುವ ಸ್ಥಿತಿ ಬರುತ್ತದೆ. ಇದನ್ನು ತಪ್ಪಿಸಲು ಎಲ್ಲ ಕೆಲಸವನ್ನೂ ಒಂದೇ ಸರತಿಯಲ್ಲಿ ನಿಲ್ಲಿಸುವುದೇ ಸುಲಭವಾದ ದಾರಿ. ಆಪಲ್‌ನ ಯುಐಕಿಟ್ ಕೂಡ ಇದೇ ನಿಯಮವನ್ನು ಅನುಸರಿಸುತ್ತದೆ.

ಆಂಡ್ರಾಯ್ಡ್‌ನಲ್ಲಿ ಈ ಸರತಿಯನ್ನು ನಡೆಸುವ ಥ್ರೆಡ್‌ಗೆ ಮುಖ್ಯ ಥ್ರೆಡ್ ಎಂದು ಹೆಸರು. ಸ್ಪರ್ಶದ ಸೂಚನೆ, ಅಳತೆಯ ಲೆಕ್ಕಾಚಾರ, ಚಿತ್ರಣದ ಸಿದ್ಧತೆ, ಅಪ್ಲಿಕೇಶನ್‌ನ ಸ್ವಂತ ಆದೇಶಗಳು ಎಲ್ಲವೂ ಅದರಲ್ಲಿ ಒಂದರ ಹಿಂದೆ ಒಂದರಂತೆ ನಿಲ್ಲುತ್ತವೆ. ಪಡಿತರ ಅಂಗಡಿಯ ಸಾಲಿನಲ್ಲಿ ಮುಂದಿರುವವರು ಹೊತ್ತು ತೆಗೆದುಕೊಂಡರೆ ಹಿಂದಿನ ಎಲ್ಲರೂ ಕಾಯಬೇಕಾಗುವಂತೆ ಇಲ್ಲಿಯೂ ಒಂದು ನಿಧಾನದ ಕೆಲಸ ಇಡೀ ಪರದೆಯನ್ನು ತಡೆಹಿಡಿಯುತ್ತದೆ. ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುವ ಪರದೆಯಲ್ಲಿ ಪ್ರತಿ ಫ್ರೇಮ್‌ಗೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು, 120 ಬಾರಿ ನವೀಕರಣಗೊಳ್ಳುವ ಪರದೆಯಲ್ಲಿ ಕೇವಲ 8.3 ಮಿಲಿಸೆಕೆಂಡು. ಆ ಅವಧಿ ಮೀರಿದರೆ ಫ್ರೇಮ್ ತಪ್ಪಿಹೋಗಿ ಚಲನೆ ತಡವರಿಸಿದಂತೆ ಕಾಣುತ್ತದೆ.

ಪರದೆ ಸ್ತಬ್ಧವಾಗುವುದು

ಅಂತರಜಾಲದಿಂದ ಮಾಹಿತಿ ತರುವುದು, ದೊಡ್ಡ ಕಡತ ಓದುವುದು, ಚಿತ್ರದ ಗಾತ್ರ ಕುಗ್ಗಿಸುವುದು ಮೊದಲಾದ ಕೆಲಸಗಳನ್ನು ಮುಖ್ಯ ಥ್ರೆಡ್‌ನಲ್ಲಿ ಮಾಡಿದಾಗ ಪರದೆ ಪ್ರತಿಕ್ರಿಯಿಸುವುದನ್ನು ನಿಲ್ಲಿಸುತ್ತದೆ. ಬಳಕೆದಾರನ ಸ್ಪರ್ಶಕ್ಕೆ 5 ಸೆಕೆಂಡುಗಳೊಳಗೆ ಉತ್ತರ ಬಾರದಿದ್ದರೆ, ಅಪ್ಲಿಕೇಶನ್ ಪ್ರತಿಕ್ರಿಯಿಸುತ್ತಿಲ್ಲ, ಕಾಯಬೇಕೇ ಅಥವಾ ಮುಚ್ಚಬೇಕೇ ಎಂದು ಕೇಳುವ ಸಂದೇಶವನ್ನು ವ್ಯವಸ್ಥೆ ತೋರಿಸುತ್ತದೆ. 2011ರ ಆಂಡ್ರಾಯ್ಡ್ 3.0 ಆವೃತ್ತಿಯಿಂದೀಚೆಗೆ ಮುಖ್ಯ ಥ್ರೆಡ್‌ನಲ್ಲಿ ಜಾಲಸಂಪರ್ಕಕ್ಕೆ ಯತ್ನಿಸಿದರೆ ದೋಷಸೂಚನೆ ಹೊಮ್ಮಿ, ಅದನ್ನು ನಿಭಾಯಿಸದ ಅಪ್ಲಿಕೇಶನ್ ಕುಸಿದುಬೀಳುತ್ತದೆ. ಕಡತ ಓದುವುದಕ್ಕಾಗಲಿ ದತ್ತಸಂಚಯ ಹುಡುಕುವುದಕ್ಕಾಗಲಿ ಇಂತಹ ಕಡ್ಡಾಯ ತಡೆಯಿಲ್ಲ. ಆದ್ದರಿಂದ ಇಂದು ಕಾಣುವ ಸ್ತಬ್ಧತೆಗಳಲ್ಲಿ ಇಂತಹ ಸ್ಥಳೀಯ ಓದು-ಬರಹವನ್ನೂ ಶಂಕಿಸಬೇಕಾಗುತ್ತದೆ. ಹೊಸ ಫೋನಿನಲ್ಲಿ ಗಮನಕ್ಕೇ ಬಾರದ ಓದು, ಸಂಗ್ರಹ ತುಂಬಿದ ಹಳೆಯ ಅಗ್ಗದ ಫೋನಿನಲ್ಲಿ ಸೆಕೆಂಡುಗಟ್ಟಲೆ ಹಿಡಿಯಬಹುದು. ಇಂತಹ ಅಡಗಿದ ಓದು-ಬರಹಗಳನ್ನು ಪತ್ತೆಹಚ್ಚಲು ಸ್ಟ್ರಿಕ್ಟ್‌ಮೋಡ್ ಎಂಬ ಪರೀಕ್ಷಾ ಸೌಲಭ್ಯ 2010ರಿಂದಲೇ ಲಭ್ಯವಿದ್ದರೂ ಅದನ್ನು ಆನ್ ಮಾಡಿ ನೋಡುವ ಅಭ್ಯಾಸ ವಿರಳ.

ಸ್ತಬ್ಧತೆಯನ್ನು ಗುರುತಿಸುವಲ್ಲಿ ಒಂದು ವಿಚಿತ್ರ ಗೊಂದಲವಿದೆ. ಆಂಡ್ರಾಯ್ಡ್ 5.0 ರಿಂದ ಚಿತ್ರಣದ ಕೊನೆಯ ಹಂತವನ್ನು ಪ್ರತ್ಯೇಕ ಥ್ರೆಡ್ ನಿರ್ವಹಿಸುವುದರಿಂದ, ಗುಂಡಿ ಒತ್ತಿದಾಗ ಹರಡುವ ಅಲೆಯಂತಹ ಕೆಲವು ಚಲನೆಗಳು ಮುಖ್ಯ ಥ್ರೆಡ್ ನಿಂತಿದ್ದರೂ ಮುಂದುವರಿಯುತ್ತವೆ. ಅಲೆ ಓಡುತ್ತಿದೆ, ಆದ್ದರಿಂದ ಪರದೆ ಜೀವಂತವಾಗಿದೆ ಎಂಬ ನಿರ್ಣಯ ತಪ್ಪಾಗಬಹುದು.

ಪರಿಹಾರವೆಂದರೆ ದೀರ್ಘ ಕೆಲಸವನ್ನು ಹಿನ್ನೆಲೆ ಥ್ರೆಡ್‌ಗೆ ಕಳುಹಿಸಿ, ಫಲಿತಾಂಶವನ್ನು ಮಾತ್ರ ಮುಖ್ಯ ಥ್ರೆಡ್‌ಗೆ ಮರಳಿಸುವುದು. ಮರಳಿಸುವ ಹೆಜ್ಜೆಯನ್ನು ಮರೆತು ಹಿನ್ನೆಲೆ ಥ್ರೆಡ್‌ನಿಂದಲೇ ಪಠ್ಯವನ್ನೋ ಚಿತ್ರವನ್ನೋ ಬದಲಿಸಲು ಹೋದರೆ, ಪರದೆಯನ್ನು ರಚಿಸಿದ ಥ್ರೆಡ್ ಮಾತ್ರ ಅದನ್ನು ಮುಟ್ಟಬಹುದೆಂದು ತಿಳಿಸುತ್ತಾ ಅಪ್ಲಿಕೇಶನ್ ಕುಸಿಯುತ್ತದೆ. ಇದಕ್ಕಾಗಿ 2009ರ ಆಂಡ್ರಾಯ್ಡ್ 1.5 ರಲ್ಲಿ ಬಂದ ಅಸಿಂಕ್‌ಟಾಸ್ಕ್ ಎಂಬ ವರ್ಗ ಬಹುಕಾಲ ಬಳಕೆಯಲ್ಲಿತ್ತು. ಅದರ ದೊಡ್ಡ ಕೊರತೆಯೆಂದರೆ, ಕೆಲಸ ಮುಗಿಯುವ ವೇಳೆಗೆ ಅದನ್ನು ಆರಂಭಿಸಿದ ಪರದೆ ಉಳಿದಿದೆಯೇ ಎಂಬ ವಿಚಾರವೇ ಅದಕ್ಕೆ ಇರಲಿಲ್ಲ. ಮುಚ್ಚಿಹೋದ ಪರದೆಗೆ ಉತ್ತರ ತಲುಪಿಸಲು ಹೋಗಿ ಅಪ್ಲಿಕೇಶನ್ ಕುಸಿಯುತ್ತಿತ್ತು, ಇಲ್ಲವೇ ಸತ್ತ ಪರದೆಯನ್ನು ಹಿಡಿದಿಟ್ಟುಕೊಂಡು ಮೆಮೊರಿ ಸೋರುತ್ತಿತ್ತು. 2020ರ ಆಂಡ್ರಾಯ್ಡ್ 11 ರಲ್ಲಿ ಅದನ್ನು ಬಳಸಬಾರದ ಸೌಲಭ್ಯಗಳ ಪಟ್ಟಿಗೆ ಸೇರಿಸಲಾಯಿತು. ಈಗ ಕಾಟ್ಲಿನ್ ಭಾಷೆಯ ಕೊರೂಟೀನ್‌ಗಳು ಆ ಸ್ಥಾನದಲ್ಲಿವೆ. ಪ್ರತಿಯೊಂದು ಕೊರೂಟೀನ್ ಒಂದು ವ್ಯಾಪ್ತಿಗೆ ಸೇರಿರುತ್ತದೆ. ವ್ಯಾಪ್ತಿ ಕೊನೆಗೊಂಡಾಗ ಕೆಲಸವೂ ರದ್ದಾಗುತ್ತದೆ. ಆದರೆ ರದ್ದತಿ ಸಹಕಾರದಿಂದ ಮಾತ್ರ ನಡೆಯುತ್ತದೆ. ನಡುವೆ ಎಲ್ಲಿಯೂ ವಿರಮಿಸದೆ ಸುತ್ತುತ್ತಿರುವ ಲೆಕ್ಕಾಚಾರವು ರದ್ದತಿಯ ಸೂಚನೆಯನ್ನು ತಾನಾಗಿ ಪರಿಶೀಲಿಸದಿದ್ದರೆ ಓಡುತ್ತಲೇ ಇರುತ್ತದೆ.

ಪರದೆ ತಿರುಗಿದಾಗ ಮಾಹಿತಿ ನಷ್ಟ

ಆಂಡ್ರಾಯ್ಡ್‌ನಲ್ಲಿ ಒಂದು ಪರದೆಯನ್ನು ಸಾಮಾನ್ಯವಾಗಿ ಆಕ್ಟಿವಿಟಿ ಎಂಬ ವಸ್ತು ಪ್ರತಿನಿಧಿಸುತ್ತದೆ. ಫೋನನ್ನು ತಿರುಗಿಸಿದಾಗ ಈ ವಸ್ತುವನ್ನು ವ್ಯವಸ್ಥೆ ನಾಶಪಡಿಸಿ ಹೊಸದನ್ನು ರಚಿಸುತ್ತದೆ. ಅಡ್ಡ ಪರದೆಗೆ ಬೇರೆ ವಿನ್ಯಾಸ, ಬೇರೆ ಚಿತ್ರಗಳಿರಬಹುದು. ಎಲ್ಲವನ್ನೂ ಮೊದಲಿನಿಂದ ಓದಿಕೊಳ್ಳುವುದೇ ಖಚಿತ ಮಾರ್ಗವೆಂಬುದು ಇದರ ಹಿಂದಿನ ತರ್ಕ. ಪರಿಣಾಮವಾಗಿ ಆಕ್ಟಿವಿಟಿಯ ಚರಗಳಲ್ಲಿ ಇಟ್ಟಿದ್ದ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಮೂರು ಪುಟಗಳ ಅರ್ಜಿಯನ್ನು ತುಂಬಿ, ಕೊನೆಯ ಪುಟದಲ್ಲಿ ದಾಖಲೆಯ ಚಿತ್ರ ತೆಗೆಯಲೆಂದು ಫೋನನ್ನು ಅಡ್ಡ ಹಿಡಿದ ಬಳಕೆದಾರ ಮರಳಿ ಮೊದಲ ಪುಟಕ್ಕೆ ಬಂದು ಬೀಳುವುದು ಹೀಗೆ. ಇಂಟರ್‌ಫೇಸ್ ದೋಷಗಳಲ್ಲಿ ಬಳಕೆದಾರನ ಶ್ರಮವನ್ನು ನೇರವಾಗಿ ನಾಶಮಾಡುವುದು ಇದೇ ಆಗಿರುವುದರಿಂದ ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕು.

ಅನೇಕರು ಕೈಗೊಳ್ಳುವ ಮೊದಲ ಉಪಾಯವೆಂದರೆ ಪರದೆಯನ್ನು ಲಂಬ ದಿಕ್ಕಿಗೆ ಬಿಗಿದುಬಿಡುವುದು. ಇದರಿಂದ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಫೋನಿನ ಭಾಷೆ ಬದಲಿಸಿದಾಗ, ಗಾಢ ವರ್ಣವಿನ್ಯಾಸಕ್ಕೆ ಹೋದಾಗ, ಪರದೆಯನ್ನು ಎರಡು ಅಪ್ಲಿಕೇಶನ್‌ಗಳಿಗೆ ಹಂಚಿದಾಗ ಆಕ್ಟಿವಿಟಿ ಹಾಗೆಯೇ ಮರುಸೃಷ್ಟಿಯಾಗುತ್ತದೆ. ಅಲ್ಲದೆ 2025ರ ಆಂಡ್ರಾಯ್ಡ್ 16 ಆವೃತ್ತಿಯನ್ನು ಗುರಿಯಾಗಿಸಿಕೊಂಡ ಅಪ್ಲಿಕೇಶನ್‌ಗಳ ಇಂತಹ ಬಿಗಿತವನ್ನು ಟ್ಯಾಬ್ಲೆಟ್‌ನಂತಹ ದೊಡ್ಡ ಪರದೆಗಳಲ್ಲಿ, ಆಟಗಳಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವ್ಯವಸ್ಥೆ ಲೆಕ್ಕಿಸುವುದೇ ಇಲ್ಲ.

ಸರಿಯಾದ ಪರಿಹಾರಕ್ಕೆ ಮಾಹಿತಿಯ ಆಯುಷ್ಯವನ್ನು ವಿಂಗಡಿಸಬೇಕಾಗುತ್ತದೆ. 2017ರಲ್ಲಿ ಗೂಗಲ್ ಪರಿಚಯಿಸಿದ ವ್ಯೂಮಾಡೆಲ್ ಎಂಬ ವಸ್ತು ಆಕ್ಟಿವಿಟಿಯ ಮರುಸೃಷ್ಟಿಯನ್ನು ದಾಟಿ ಉಳಿಯುತ್ತದೆ. ಜಾಲದಿಂದ ತಂದ ಪಟ್ಟಿ, ನಡೆಯುತ್ತಿರುವ ಹುಡುಕಾಟ ಮುಂತಾದವುಗಳನ್ನು ಅಲ್ಲಿಡಬಹುದು. ಆದರೆ ಅದು ಮೆಮೊರಿಯಲ್ಲೇ ಇರುವ ವಸ್ತು. ಬಳಕೆದಾರ ನಡುವೆ ಕರೆ ಸ್ವೀಕರಿಸಲು ಅಥವಾ ಬ್ಯಾಂಕಿನಿಂದ ಬಂದ ಒಟಿಪಿ ನೋಡಲು ಬೇರೆಡೆ ಹೋದಾಗ, ಮೆಮೊರಿ ಸಾಲದೆ ವ್ಯವಸ್ಥೆ ಇಡೀ ಅಪ್ಲಿಕೇಶನ್ನನ್ನು ಕೊನೆಗೊಳಿಸಬಹುದು. ಆಗ ವ್ಯೂಮಾಡೆಲ್ ಕೂಡ ಇಲ್ಲವಾಗುತ್ತದೆ. ಇಂತಹ ಸಂದರ್ಭಕ್ಕಾಗಿ ಬಂಡಲ್ ಎಂಬ ಪುಟ್ಟ ಗಂಟನ್ನು ವ್ಯವಸ್ಥೆಯ ವಶಕ್ಕೆ ಒಪ್ಪಿಸುವ ಅವಕಾಶವಿದೆ. ಬಳಕೆದಾರ ಮರಳಿದಾಗ ವ್ಯವಸ್ಥೆ ಅದನ್ನು ಹಿಂತಿರುಗಿಸುತ್ತದೆ. ಈ ಗಂಟಿನಲ್ಲಿ ಆಯ್ದ ಸಾಲಿನ ಗುರುತುಸಂಖ್ಯೆ, ಹುಡುಕಿದ ಪದ, ತುಂಬುತ್ತಿರುವ ಪುಟದ ಸಂಖ್ಯೆಯಂತಹ ಸಣ್ಣ ಸಂಗತಿಗಳನ್ನಷ್ಟೇ ಇಡಬೇಕು. ಅದು ಸಾಗುವ ದಾರಿಯ ಒಟ್ಟು ಮಿತಿ ಇಡೀ ಪ್ರಕ್ರಿಯೆಗೆ 1 ಮೆಗಾಬೈಟ್ ಮಾತ್ರ. ಚಿತ್ರವೊಂದನ್ನು ತುರುಕಿದರೆ ಮಾಹಿತಿ ಉಳಿಸಲು ಬರೆದ ಸಾಲೇ ಅಪ್ಲಿಕೇಶನ್ ಕುಸಿಯಲು ಕಾರಣವಾಗುತ್ತದೆ. ಬಳಕೆದಾರ ಇತ್ತೀಚಿನ ಅಪ್ಲಿಕೇಶನ್‌ಗಳ ಸಾಲಿನಿಂದ ಪರದೆಯನ್ನು ತಳ್ಳಿಹಾಕಿದಾಗ ಈ ಗಂಟನ್ನೂ ಎಸೆಯಲಾಗುತ್ತದೆ. ದೀರ್ಘ ಅರ್ಜಿಯಂತಹ ಬೆಲೆಯುಳ್ಳ ಬರಹವನ್ನು ಆದ್ದರಿಂದ ಪುಟ ಪುಟಕ್ಕೂ ಫೋನಿನ ದತ್ತಸಂಚಯದಲ್ಲಿ ಕರಡಾಗಿ ಬರೆದಿಡುವುದೊಂದೇ ಭರವಸೆಯ ಮಾರ್ಗ.

ಪಠ್ಯಪೆಟ್ಟಿಗೆಗಳು ತಮ್ಮ ಬರಹವನ್ನು ತಾವೇ ಉಳಿಸಿಕೊಳ್ಳುತ್ತವೆ, ಆದರೆ ಅವುಗಳಿಗೆ ಗುರುತುಹೆಸರು ಕೊಟ್ಟಿದ್ದರೆ ಮಾತ್ರ. ಒಂದೇ ವಿನ್ಯಾಸವನ್ನು ಪರದೆಯಲ್ಲಿ ಎರಡು ಬಾರಿ ಸೇರಿಸಿದಾಗ ಎರಡು ಪೆಟ್ಟಿಗೆಗಳಿಗೆ ಒಂದೇ ಗುರುತುಹೆಸರು ಬಂದು, ಪರದೆ ತಿರುಗಿದ ಮೇಲೆ ತಂದೆಯ ಹೆಸರಿನ ಜಾಗದಲ್ಲಿಯೂ ತಾಯಿಯ ಹೆಸರೇ ಕಾಣಿಸುವುದುಂಟು. ಇವೆಲ್ಲವನ್ನೂ ಪರೀಕ್ಷಿಸಲು ಫೋನಿನ ಅಭಿವೃದ್ಧಿಕಾರರ ಆಯ್ಕೆಗಳಲ್ಲಿ ಆಕ್ಟಿವಿಟಿಗಳನ್ನು ಉಳಿಸಿಕೊಳ್ಳಬಾರದೆಂಬ ಗುಂಡಿಯಿದೆ. ಅದನ್ನು ಒತ್ತಿದರೆ ಪರದೆಯನ್ನು ಬಿಟ್ಟ ಕ್ಷಣವೇ ಆಕ್ಟಿವಿಟಿ ನಾಶವಾಗುವುದರಿಂದ, ವಾರಗಳ ನಂತರ ಬಳಕೆದಾರರಿಂದ ಬರಬಹುದಾದ ದೂರು ಕೆಲವು ನಿಮಿಷಗಳಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಪಟ್ಟಿಗಳಲ್ಲಿ ತಪ್ಪು ಸಾಲು

ಸಾವಿರ ಸಾಲುಗಳ ಪಟ್ಟಿಗೆ ಸಾವಿರ ನೋಟಗಳನ್ನು ರಚಿಸುವುದು ಮೆಮೊರಿಗೆ ಭಾರ. ಆದ್ದರಿಂದ ಆಂಡ್ರಾಯ್ಡ್ ಪರದೆಗೆ ಬೇಕಾದಷ್ಟು ನೋಟಗಳನ್ನು ಮಾತ್ರ ರಚಿಸಿ, ಮೇಲೆ ಸರಿದು ಮರೆಯಾದುದನ್ನು ಕೆಳಗೆ ಹೊಸ ಸಾಲಿಗಾಗಿ ಮರುಬಳಸುತ್ತದೆ. 2014ರಲ್ಲಿ ಬಂದ ರಿಸೈಕ್ಲರ್‌ವ್ಯೂ ತನ್ನ ಹೆಸರನ್ನು ಪಡೆದದ್ದು ಇದರಿಂದಲೇ. ಮದುವೆ ಊಟದ ಪಂಕ್ತಿಯಲ್ಲಿ ಎದ್ದವರ ಜಾಗಕ್ಕೆ ಹೊಸಬರು ಕೂರುವಂತೆ ಇದು. ಎಲೆ ತೆಗೆಯದೆ ಕೂರಿಸಿದರೆ ಹಳೆಯ ಊಟ ಎದುರಿಗಿರುತ್ತದೆ. ರಿಯಾಯಿತಿ ಇರುವ ಸಾಲಿಗೆ ಕೆಂಪು ಬಣ್ಣ ಕೊಡುವ ಆದೇಶ ಬರೆದು, ರಿಯಾಯಿತಿ ಇಲ್ಲದ ಸಾಲಿಗೆ ಬಣ್ಣ ತೆಗೆಯುವ ಆದೇಶ ಬರೆಯದಿದ್ದರೆ, ಪಟ್ಟಿ ಸರಿಸಿದಂತೆಲ್ಲ ಸಂಬಂಧವಿಲ್ಲದ ಸಾಲುಗಳು ಕೆಂಪಾಗುತ್ತವೆ. ಚಿತ್ರಗಳ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. ಹಳೆಯ ಸಾಲಿಗಾಗಿ ಜಾಲದಿಂದ ಹೊರಟ ಚಿತ್ರವು ನೋಟ ಮರುಬಳಕೆಯಾದ ನಂತರ ಬಂದು ತಲುಪಿ ಬೇರೊಬ್ಬರ ಹೆಸರಿನ ಪಕ್ಕ ಕೂರುತ್ತದೆ. ಗ್ಲೈಡ್, ಪಿಕಾಸೋ ಮುಂತಾದ ಚಿತ್ರ ಗ್ರಂಥಾಲಯಗಳು ಅದೇ ನೋಟಕ್ಕೆ ಹೊಸ ಕೋರಿಕೆ ಬಂದೊಡನೆ ಹಳೆಯದನ್ನು ರದ್ದುಪಡಿಸುವುದರಿಂದ ಈ ತಪ್ಪು ನಿವಾರಣೆಯಾಗುತ್ತದೆ.

ಗುರುತುಪೆಟ್ಟಿಗೆಗಳಲ್ಲಿ ಮರುಬಳಕೆಯಿಂದ ಮತ್ತೊಂದು ಅಪಾಯವಿದೆ. ಹೊಸ ಸಾಲಿಗಾಗಿ ಗುರುತನ್ನು ತೆಗೆದಾಗ, ಹಳೆಯ ಸಾಲಿಗೆಂದು ಜೋಡಿಸಿದ್ದ ಆಲಿಸುಗ ಅದನ್ನು ಬಳಕೆದಾರನ ಕ್ರಿಯೆಯೆಂದು ಭಾವಿಸಿ ಮೂಲ ದತ್ತಾಂಶವನ್ನೇ ಬದಲಿಸುತ್ತದೆ. ಆಲಿಸುಗವನ್ನು ಮೊದಲು ಕಳಚಿ, ಗುರುತನ್ನು ಹೊಂದಿಸಿ, ನಂತರ ಮತ್ತೆ ಜೋಡಿಸುವುದು ರೂಢಿ.

ಅಳತೆ ಮತ್ತು ಸ್ಪರ್ಶ

ಪಿಕ್ಸೆಲ್ ಲೆಕ್ಕದಲ್ಲಿ ಬರೆದ ವಿನ್ಯಾಸ ಒಂದು ಫೋನಿನಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಕುಗ್ಗುತ್ತದೆ. ಆದ್ದರಿಂದ ಡಿಪಿ ಎಂಬ ಸಾಂದ್ರತೆ-ನಿರಪೇಕ್ಷ ಮಾನ ಬಳಕೆಯಲ್ಲಿದೆ. ಅಂಗುಲಕ್ಕೆ 160 ಬಿಂದುಗಳಿರುವ ಪರದೆಯಲ್ಲಿ 1 ಡಿಪಿ 1 ಪಿಕ್ಸೆಲ್‌ಗೆ ಸಮ. 480 ಬಿಂದುಗಳಿರುವಲ್ಲಿ 3 ಪಿಕ್ಸೆಲ್‌ಗೆ ಸಮ. ಒತ್ತುವ ಗುಂಡಿ ಕನಿಷ್ಠ 48 ಡಿಪಿ ಅಗಲ ಮತ್ತು ಎತ್ತರ ಇರಬೇಕೆಂಬುದು ಗೂಗಲ್‌ನ ಸೂಚನೆ. ಅಕ್ಷರಗಳಿಗೆ ಬಳಸುವ ಎಸ್‌ಪಿ ಮಾನವು ಬಳಕೆದಾರ ಆಯ್ದ ಅಕ್ಷರಗಾತ್ರಕ್ಕೆ ತಕ್ಕಂತೆ ಹಿಗ್ಗುತ್ತದೆ. 2023ರ ಆಂಡ್ರಾಯ್ಡ್ 14 ರಿಂದ ಅದು ಶೇ. 200ರವರೆಗೆ ಹೋಗಬಹುದಾದ್ದರಿಂದ ಗುಂಡಿಯ ಎತ್ತರವನ್ನು ಸ್ಥಿರವಾಗಿಟ್ಟರೆ ಒಳಗಿನ ಬರಹ ಕತ್ತರಿಸಿಹೋಗುತ್ತದೆ. ಕಣ್ಣು ಮಂದವಾದವರಿಗೇ ಬರಹ ಕಾಣದಂತಾಗುವುದು ಇದರ ವಿಪರ್ಯಾಸ.

ನಿಧಾನದ ಜಾಲದಲ್ಲಿ ಉತ್ತರ ಬಾರದಿದ್ದಾಗ ಬಳಕೆದಾರ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತುವುದು ಸಹಜ. ಮೊದಲ ಸ್ಪರ್ಶದೊಡನೆ ಗುಂಡಿಯನ್ನು ನಿಷ್ಕ್ರಿಯಗೊಳಿಸದಿದ್ದರೆ ಆದೇಶ ಎರಡು ಬಾರಿ ಹೋಗುತ್ತದೆ. ಹಣದ ವಿಷಯದಲ್ಲಿ ಇಷ್ಟೇ ಸಾಲದು: ಪ್ರತಿ ಆದೇಶಕ್ಕೂ ವಿಶಿಷ್ಟ ಗುರುತುಸಂಖ್ಯೆಯೊಂದನ್ನು ನೀಡಿ, ಅದೇ ಸಂಖ್ಯೆಯ ಎರಡನೆಯ ಕೋರಿಕೆಯನ್ನು ಸರ್ವರ್ ತಿರಸ್ಕರಿಸುವಂತೆ ಮಾಡಬೇಕು.

ಘೋಷಣಾತ್ಮಕ ವಿಧಾನ

ದತ್ತಾಂಶ ಬದಲಾದಾಗ ಪರದೆಯ ಯಾವ ಭಾಗವನ್ನು ಬದಲಿಸಬೇಕೆಂದು ಪ್ರೋಗ್ರಾಮರ್ ತಾನೇ ನೆನಪಿಟ್ಟುಕೊಳ್ಳಬೇಕಾದುದು ಹಳೆಯ ವಿಧಾನ. 2013ರಲ್ಲಿ ಬಂದ ರಿಯಾಕ್ಟ್‌ನ ಪ್ರಭಾವದಿಂದ, ಇಂತಹ ಸ್ಥಿತಿಗೆ ಪರದೆ ಹೀಗಿರಬೇಕು ಎಂದಷ್ಟೇ ಘೋಷಿಸುವ ವಿಧಾನ ಪ್ರಚಾರಕ್ಕೆ ಬಂದಿತು. ಆಂಡ್ರಾಯ್ಡ್‌ನಲ್ಲಿ 2021ರ ಜುಲೈನಲ್ಲಿ ಸ್ಥಿರ ಆವೃತ್ತಿಯಾಗಿ ಬಂದ ಜೆಟ್‌ಪ್ಯಾಕ್ ಕಂಪೋಸ್ ಈ ಬಗೆಯದು. ಕೆಂಪು ಬಣ್ಣ ಉಳಿದುಹೋಗುವಂತಹ ದೋಷಗಳು ಇದರಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತವೆ. ಮುಖ್ಯ ಥ್ರೆಡ್‌ನ ನಿಯಮವೂ ಆಕ್ಟಿವಿಟಿಯ ಮರುಸೃಷ್ಟಿಯೂ ಹಾಗೆಯೇ ಉಳಿದಿವೆ. ರಿಮೆಂಬರ್ ಎಂಬ ಆದೇಶದಿಂದ ನೆನಪಿಟ್ಟುಕೊಂಡದ್ದು ಪರದೆ ತಿರುಗಿದಾಗ ಮರೆತುಹೋಗುತ್ತದೆ. ರಿಮೆಂಬರ್‌ಸೇವಬಲ್ ಎಂಬುದನ್ನು ಬಳಸಿದರೆ ಉಳಿಯುತ್ತದೆ. ಹೆಸರು ಕೇಳಿ ಮೊದಲನೆಯದನ್ನು ನಂಬುವ ಹೊಸಬರು ಇದರಲ್ಲಿ ಎಡವುವುದು ಸಾಮಾನ್ಯ.

ಕನ್ನಡ ಪಠ್ಯದ ಸಮಸ್ಯೆಗಳು

2012ರ ಆಂಡ್ರಾಯ್ಡ್ 4.1 ಆವೃತ್ತಿಯು ಕನ್ನಡ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಬೆಂಬಲ ನೀಡಿತು. ಅಕ್ಷರಗಳು ಮೂಡತೊಡಗಿದರೂ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಇಂಟರ್‌ಫೇಸ್‌ಗಳಲ್ಲಿ ಕನ್ನಡ ಹಲವು ಬಗೆಯಲ್ಲಿ ಕೆಡುತ್ತದೆ.

ಮೊದಲನೆಯದು ಎಣಿಕೆ. ಓದುವವರಿಗೆ ‘ಶ್ರೀಕೃಷ್ಣ’ ಮೂರು ಅಕ್ಷರಗಳ ಹೆಸರು. ಯೂನಿಕೋಡ್‌ನಲ್ಲಿ ವ್ಯಂಜನ, ವಿರಾಮಚಿಹ್ನೆ, ಸ್ವರಚಿಹ್ನೆಗಳು ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಪ್ರೋಗ್ರಾಂಗೆ ಅದು ಒಂಬತ್ತು. ಹೆಸರಿನ ಪೆಟ್ಟಿಗೆಗೆ ಹದಿನೈದು ಅಕ್ಷರಗಳ ಮಿತಿಯಿಟ್ಟರೆ ಇಂಗ್ಲಿಷಿನಲ್ಲಿ ಒಪ್ಪಿಗೆಯಾಗುವ ಹೆಸರು ಕನ್ನಡದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಉದ್ದದ ಹೆಸರನ್ನು ಸಂಖ್ಯೆ ನೋಡಿ ಕತ್ತರಿಸುವುದು ಇನ್ನೂ ಕೆಟ್ಟದು. ‘ಲಕ್ಷ್ಮೀ’ ಎಂಬುದನ್ನು ನಾಲ್ಕಕ್ಕೆ ಕತ್ತರಿಸಿದರೆ ‘ಲಕ್ಷ’ ಉಳಿಯುತ್ತದೆ. ಅದು ತಪ್ಪಾಗಿ ಕಾಣದೆ ಬೇರೊಂದು ಪದವೇ ಆಗಿಬಿಡುವುದರಿಂದ ಪರೀಕ್ಷಕರ ಕಣ್ಣಿಗೂ ಬೀಳುವುದಿಲ್ಲ. ಪಠ್ಯವನ್ನು ಅಕ್ಷರಗುಚ್ಛಗಳಾಗಿ ಬಿಡಿಸುವ ಬ್ರೇಕ್‌ಇಟರೇಟರ್ ಎಂಬ ಸಾಧನ ಇದಕ್ಕೆ ನೆರವಾಗುತ್ತದೆ. ಆದರೆ ಯೂನಿಕೋಡ್‌ನ ಹಳೆಯ ಅಕ್ಷರಗುಚ್ಛ ನಿಯಮಗಳು ವಿರಾಮಚಿಹ್ನೆಯ ನಂತರ ಗಡಿ ಎಳೆಯುವುದರಿಂದ, ಒತ್ತಕ್ಷರಗಳು ಬೇರ್ಪಡದಂತೆ ಪ್ರೋಗ್ರಾಂನಲ್ಲಿ ಹೆಚ್ಚುವರಿ ಪರಿಶೀಲನೆ ಬೇಕಾಗುತ್ತದೆ. ಸಾಧ್ಯವಿರುವಲ್ಲೆಲ್ಲ ಎಣಿಕೆಯ ಬದಲು ಅಗಲವನ್ನು ಆಧರಿಸಿ ಕೊನೆಯಲ್ಲಿ ಚುಕ್ಕಿಗಳನ್ನು ಹಾಕುವ ಕೆಲಸವನ್ನು ವ್ಯವಸ್ಥೆಗೇ ಬಿಡುವುದು ಉತ್ತಮ. ಬರಹ ಒಂದೊಂದೇ ಅಕ್ಷರವಾಗಿ ಮೂಡುವ ಬೆರಳಚ್ಚು ಯಂತ್ರದ ಚಲನೆಯಲ್ಲಿಯೂ ಒತ್ತಕ್ಷರಗಳು ಒಡೆದು ಕುಣಿಯುವುದು ಇದೇ ಕಾರಣದಿಂದ.

ಎರಡನೆಯದು ಎತ್ತರ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ರೋಮನ್ ಅಕ್ಷರಶೈಲಿಯ ಅಳತೆಗೆ ಸಾಲಿನ ಎತ್ತರ ನಿಗದಿಯಾದಾಗ ಅವುಗಳ ಬುಡ ಕತ್ತರಿಸುತ್ತದೆ ಅಥವಾ ಕೆಳಗಿನ ಸಾಲಿಗೆ ತಾಗುತ್ತದೆ. ಬದಲಿ ಅಕ್ಷರಶೈಲಿಯ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೌಲಭ್ಯ ಆಂಡ್ರಾಯ್ಡ್ 9 ರಲ್ಲಿ ಬಂದಿತು. ಎತ್ತರದ ಲಿಪಿಗಳನ್ನು ಕುಗ್ಗಿಸದೆ ತೋರಿಸುವ ವ್ಯವಸ್ಥೆ ಆಂಡ್ರಾಯ್ಡ್ 15 ನ್ನು ಗುರಿಯಾಗಿಸಿದ ಅಪ್ಲಿಕೇಶನ್‌ಗಳಲ್ಲಿ ತಾನಾಗಿಯೇ ಜಾರಿಯಲ್ಲಿರುತ್ತದೆ. ಕನ್ನಡವೂ ಅದರ ವ್ಯಾಪ್ತಿಯಲ್ಲಿದೆ.

ಮೂರನೆಯದು ಬೆರಳಚ್ಚಿಸುವಿಕೆ. ಲಿಪ್ಯಂತರ ಕೀಲಿಮಣೆಗಳು ಪದ ಪೂರ್ಣವಾಗುವವರೆಗೆ ಅದನ್ನು ರಚನೆಯಲ್ಲಿರುವ ಪಠ್ಯವೆಂದು ಹಿಡಿದಿಟ್ಟು ಮತ್ತೆ ಮತ್ತೆ ತಿದ್ದುತ್ತವೆ. ಪ್ರತಿ ಒತ್ತುವಿಕೆಗೂ ಪೆಟ್ಟಿಗೆಯ ಬರಹವನ್ನು ಪ್ರೋಗ್ರಾಂ ಬದಲಿಸಿ ಬರೆದರೆ ಆ ಹಿಡಿತ ತಪ್ಪಿ, ಅಕ್ಷರಗಳು ಇಮ್ಮಡಿಯಾಗುತ್ತವೆ ಅಥವಾ ಕರ್ಸರ್ ಜಿಗಿಯುತ್ತದೆ. ಶುದ್ಧೀಕರಣವನ್ನು ಬಳಕೆದಾರ ಆ ಪೆಟ್ಟಿಗೆಯನ್ನು ಬಿಟ್ಟ ಮೇಲೆ ಮಾಡುವುದರಿಂದ ಈ ತೊಂದರೆ ತಪ್ಪುತ್ತದೆ.

ಹುಡುಕಾಟದಲ್ಲಿ ಕಾಣದ ವ್ಯತ್ಯಾಸಗಳು ಕಾಡುತ್ತವೆ. ‘ಕೋಟೆ’ಯ ಓಕಾರವನ್ನು ಒಂದೇ ಸಂಕೇತವಾಗಿಯೂ ಎರಡು ಅಥವಾ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು, ಕಣ್ಣಿಗೆ ಎಲ್ಲವೂ ಒಂದೇ. ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್‌ನ ಏಕರೂಪಕ್ಕೆ ತರಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತು ಮೂಡದಂತೆ ತಡೆಯುವ ಅದೃಶ್ಯ ಸಂಕೇತವನ್ನು ಈ ಏಕರೂಪಕರಣ ತೆಗೆದುಹಾಕುವುದಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಕಡೆಗಣಿಸಬೇಕಾಗುತ್ತದೆ.

ಅನುವಾದದಲ್ಲಿ ತುಂಡು ಪದಗಳನ್ನು ಕೂಡಿಸಿ ವಾಕ್ಯ ಕಟ್ಟುವ ಪದ್ಧತಿ ಕನ್ನಡಕ್ಕೆ ಒಗ್ಗುವುದಿಲ್ಲ. ಕ್ರಿಯಾಪದ ಕೊನೆಗೆ ಬರುವುದರಿಂದ ಪದಗಳ ಕ್ರಮ ಬದಲಾಗುತ್ತದೆ. ಹೆಸರಿಗೆ ‘ಗೆ’ ಎಂದು ಅಂಟಿಸಿದರೆ ‘ಸೀತೆಗೆ’ ಸರಿಯಾಗಿ, ‘ರಾಮಗೆ’ ತಪ್ಪಾಗುತ್ತದೆ. ‘ರಾಮ ಅವರಿಗೆ’ ಎಂಬ ರೂಪ ಎಲ್ಲ ಹೆಸರಿಗೂ ಹೊಂದುವುದರಿಂದ ಅನುವಾದಕರು ಅದನ್ನೇ ಆಶ್ರಯಿಸುತ್ತಾರೆ. ವಚನದ ವಿಷಯದಲ್ಲಿ ಇನ್ನೂ ಅನಿರೀಕ್ಷಿತ ಬಲೆಯಿದೆ. ಆಂಡ್ರಾಯ್ಡ್ ಅನುಸರಿಸುವ ಯೂನಿಕೋಡ್‌ನ ಭಾಷಾ ನಿಯಮಗಳಲ್ಲಿ ಕನ್ನಡದ ಏಕವಚನ ವರ್ಗಕ್ಕೆ 1 ಮಾತ್ರವಲ್ಲದೆ 0 ಕೂಡ ಸೇರುತ್ತದೆ. ಅನುವಾದಕ ಆ ವರ್ಗದಲ್ಲಿ ‘ಒಂದು ಹೊಸ ಸಂದೇಶ’ ಎಂದು ಅಕ್ಷರಗಳಲ್ಲಿ ಬರೆದಿಟ್ಟರೆ, ಒಂದೂ ಸಂದೇಶ ಬಾರದ ದಿನವೂ ಫೋನು ಒಂದು ಹೊಸ ಸಂದೇಶವಿದೆಯೆಂದು ತೋರಿಸುತ್ತದೆ. ಏಕವಚನದ ಸಾಲಿನಲ್ಲಿಯೂ ಸಂಖ್ಯೆಗೆ ಸ್ಥಾನ ಬಿಡುವುದು, ಇಲ್ಲವೇ ಸೊನ್ನೆಗೆ ಬೇರೆಯೇ ವಾಕ್ಯ ಬರೆದು ಅದನ್ನು ಮೊದಲೇ ಪರಿಶೀಲಿಸುವುದು ಇದರ ಪರಿಹಾರ.